ಹಿಂದಿನ ಟೈರಿನ ಒಳ ಅಂಚು ಸವೆದಿದೆಯೇ? ಕೇಮನ್, ಬಾಕ್ಸ್‌ಸ್ಟರ್ ಕಾರುಗಳಲ್ಲಿ ಅಲೈನ್‌ಮೆಂಟ್ ದೋಷ ಹುಡುಕುವ ಬಗೆ

ಪೋರ್ಷೆ ಬಾಕ್ಸ್‌ಸ್ಟರ್ ಅಥವಾ ಕೇಮನ್ ಓಡಿಸುವವರಲ್ಲಿ ಹೆಚ್ಚಿನವರಿಗೆ ಈ ಸಮಸ್ಯೆ ಗೊತ್ತು. ಕಾರಿನ ಪಕ್ಕ ನಿಂತು ನೋಡಿದರೆ ಹಿಂದಿನ ಟೈರಿನಲ್ಲಿ ಟ್ರೆಡ್ ಧಾರಾಳವಾಗಿದೆ. ಲಿಫ್ಟಿಗೆ ಏರಿಸಿ ಒಳಗಿನಿಂದ ನೋಡಿದರೆ ಒಳ ಅಂಚು ಬೋಳಾಗಿದೆ, ಕೆಲವೊಮ್ಮೆ ರಬ್ಬರಿನ ಕೆಳಗಿನ ತಂತಿಯೇ ಹೊರಗೆ ಇಣುಕುತ್ತಿದೆ. ಆಗ ಸಿಗುವ ವಿವರಣೆ ಹೀಗಿರುತ್ತದೆ: "ಸ್ಪೋರ್ಟ್ಸ್ ಕಾರ್ ಅಲ್ವಾ ಸಾರ್, ಕ್ಯಾಂಬರ್ ಜಾಸ್ತಿ, ಇದೆಲ್ಲ ಮಾಮೂಲಿ." ಸಿಗುವ ಪರಿಹಾರ ಎರಡು ಹೊಸ ಟೈರು, ಜೊತೆಗೊಂದು ಅಲೈನ್‌ಮೆಂಟ್ ಬಿಲ್ಲು.

ಆ ವಿವರಣೆ ಅರ್ಧ ಮಾತ್ರ ಸರಿ. ಈ ಕಾರುಗಳ ಹಿಂದಿನ ಚಕ್ರಗಳಿಗೆ ನೆಗೆಟಿವ್ ಕ್ಯಾಂಬರ್ (ಚಕ್ರದ ತಲೆ ಒಳಗೆ ವಾಲಿರುವುದು) ಇರುವುದು ನಿಜ, ಬೇಕೆಂದೇ ಕೊಟ್ಟಿರುವುದೂ ನಿಜ. ಆದರೆ ಕಂಪನಿ ಕೊಟ್ಟಷ್ಟು ಕ್ಯಾಂಬರ್ ಒಂದರಿಂದಲೇ ಟೈರು ಅಷ್ಟು ಬೇಗ ಹಾಳಾಗುವುದಿಲ್ಲ. ಬೇಗ ಹಾಳಾಗಿದ್ದರೆ ಹೆಚ್ಚಿನ ಪಾಲು ಟೋ (ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವ ಪ್ರಮಾಣ) ತಪ್ಪಿರುತ್ತದೆ, ಅಥವಾ ಟೋ ಹಿಡಿದಿಡಬೇಕಾದ ಯಾವುದೋ ಬುಷ್ (ಕೀಲಿನಲ್ಲಿರುವ ರಬ್ಬರ್ ಭಾಗ) ಸಡಿಲವಾಗಿರುತ್ತದೆ. ಏನು ತಪ್ಪಿದೆ ಎಂದು ಹೇಳುವ ಸಾಕ್ಷಿ ಸವೆದ ಟೈರಿನಲ್ಲೇ ಇದೆ. ಆದ್ದರಿಂದ ಹಳೆಯ ಟೈರು ಕಾರಿನಲ್ಲಿ ಇರುವಾಗಲೇ, ಯಾರೂ ಯಾವ ಬೋಲ್ಟನ್ನೂ ಮುಟ್ಟುವ ಮೊದಲೇ ಅದನ್ನು ಓದಿಬಿಡಬೇಕು. ಅಲೈನ್‌ಮೆಂಟ್ ಮಾಡಿಸಿದ ಮೇಲೆ ಕಾರಣ ಹುಡುಕುತ್ತೇನೆಂದರೆ ಅರ್ಧ ಸುಳಿವು ಆಗಲೇ ಅಳಿಸಿಹೋಗಿರುತ್ತದೆ.

ಮೊದಲು ಒಂದು ಎಚ್ಚರಿಕೆ. ಟೈರಿನ ಸವೆತ ತೋರಿಸುವ ಸಣ್ಣ ದಿಬ್ಬಗಳು ಟ್ರೆಡ್‌ನ ಉದ್ದುದ್ದ ಸೀಳುಗಳಲ್ಲಿ ಮಾತ್ರ ಇರುತ್ತವೆ. ಒಳ ಭುಜದಲ್ಲಿ, ಅಂದರೆ ಟ್ರೆಡ್ ಪಕ್ಕಕ್ಕೆ ಬಾಗುವ ಒಳ ಅಂಚಿನಲ್ಲಿ, ಇರುವುದಿಲ್ಲ. ಹೀಗಾಗಿ ನಡುವೆ 4 ಮಿ.ಮೀ. ಆಳ ಇದ್ದರೂ ಒಳ ಅಂಚು ತಂತಿಗೆ ಬಂದಿರಬಹುದು. ಕಾರುಗಳಿಗೆ ಕಾನೂನಿನ ಮಿತಿ 1.6 ಮಿ.ಮೀ.; ತಂತಿ ಕಂಡ ಟೈರಿಗೆ ಯಾವ ಮಿತಿಯೂ ಅನ್ವಯಿಸುವುದಿಲ್ಲ, ಅದರ ಮೇಲೆ ಹೆದ್ದಾರಿಗೆ ಹೋಗಲೇಬಾರದು. ಈ ಕಾರುಗಳ ಹೊಸ ಮಾದರಿಗಳಲ್ಲಿ ಹಿಂದಿನ ಟೈರು ಸಾಮಾನ್ಯವಾಗಿ 265 ಮಿ.ಮೀ. ಅಗಲ. ಅಷ್ಟು ಅಗಲದ ಟೈರು ಮಳೆಗಾಲದಲ್ಲಿ ನೀರನ್ನು ಹೊರಹಾಕಬೇಕಾದರೆ ಆಳ ಬೇಕು. 3 ಮಿ.ಮೀ.ಗೆ ಬಂದಾಗಲೇ ಬದಲಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಈ ಕಾರಿನ ಚಕ್ರಗಳು ನಿಂತಿರುವ ರೀತಿ

1996ರಲ್ಲಿ ಬಂದ ಮೊದಲ ಬಾಕ್ಸ್‌ಸ್ಟರ್ (986), ಆಮೇಲಿನ 987, 981, 2016ರಿಂದ ಬಂದ 718, ಎಲ್ಲವೂ ಎಂಜಿನ್ ನಡುವೆ ಇರುವ, ಹಿಂದಿನ ಚಕ್ರಗಳು ತಳ್ಳುವ ಕಾರುಗಳು. ಮುಂದೆ ಹಿಂದೆ ಎರಡೂ ಕಡೆ ಸ್ಟ್ರಟ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಎರಡೂ ಸೇರಿದ ಒಂದೇ ಕಂಬ. ಸಾಮಾನ್ಯ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನ ಆಕ್ಸಲ್ ಒಂದೇ ತೊಲೆ, ತಿರುಗಿಸಲು ಅಲ್ಲಿ ಏನೂ ಇಲ್ಲ. ನಮ್ಮಲ್ಲಿ ಬಹಳಷ್ಟು ಅಲೈನ್‌ಮೆಂಟ್ ಅಂಗಡಿಗಳ ಕೈ ಪಳಗಿರುವುದು ಅಂಥ ಕಾರುಗಳಲ್ಲೇ. ಮುಂದಿನ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ತಿರುಗಿಸಿ, ಸ್ಟೀರಿಂಗ್ ನೇರ ಮಾಡಿ, ಕೆಲಸ ಮುಗಿಯಿತು ಎನ್ನುವುದು ಅಲ್ಲಿಂದ ಬಂದ ರೂಢಿ. ಬಾಕ್ಸ್‌ಸ್ಟರ್, ಕೇಮನ್‌ಗಳಲ್ಲಿ ಹಿಂದಿನ ಪ್ರತಿ ಚಕ್ರಕ್ಕೂ ಕ್ಯಾಂಬರ್‌ಗೆ ಒಂದು, ಟೋಗೆ ಒಂದು ಎಕ್ಸೆಂಟ್ರಿಕ್ ಬೋಲ್ಟ್, ಅಂದರೆ ತಿರುಗಿಸಿದರೆ ಕೋನ ಬದಲಿಸುವ ಬೋಲ್ಟ್, ಇದೆ. ಮುಂದೆ ಟೋವನ್ನು ಟೈ ರಾಡ್‌ನಲ್ಲಿ, ಕ್ಯಾಂಬರನ್ನು ಸ್ಟ್ರಟ್ ತಲೆಯ ಮೌಂಟ್ ಸರಿಸಿ ಸ್ವಲ್ಪ ಮಟ್ಟಿಗೆ ಹೊಂದಿಸಬಹುದು. ಹಿಂದಿನದನ್ನು ಬಿಟ್ಟು ಮುಂದಿನದನ್ನು ಮಾತ್ರ ಸರಿಮಾಡಿದರೆ ದೋಷ ಹೋಗುವುದಿಲ್ಲ, ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೇ. ಹೇಗೆಂದು ಕೆಳಗೆ ಅಂಕಿಗಳ ಸಮೇತ ತೋರಿಸಿದ್ದೇನೆ.

ಟೋ ಎಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಗೆ ತಿರುಗಿದೆಯೋ ಹೊರಗೋ ಎಂಬುದು. ಕ್ಯಾಂಬರ್ ಎಂದರೆ ಎದುರಿನಿಂದ ನೋಡಿದಾಗ ಚಕ್ರದ ತಲೆ ಎತ್ತ ವಾಲಿದೆ ಎಂಬುದು. ಒಳಗೆ ವಾಲಿದರೆ ನೆಗೆಟಿವ್. ಎರಡನ್ನೂ ಡಿಗ್ರಿಯಲ್ಲಿ ಅಥವಾ ನಿಮಿಷದಲ್ಲಿ ಹೇಳುತ್ತಾರೆ. 60 ನಿಮಿಷ ಸೇರಿದರೆ 1 ಡಿಗ್ರಿ.

ಟೋ ಎಷ್ಟು ದೊಡ್ಡ ವಿಷಯ ಎನ್ನುವುದು ಲೆಕ್ಕ ಹಾಕಿದಾಗಲೇ ಮನಸ್ಸಿಗೆ ನಾಟುವುದು. ಚಕ್ರವೊಂದು ಕಾರು ಸಾಗುವ ದಿಕ್ಕಿಗಿಂತ 20 ನಿಮಿಷ ಓರೆಯಾಗಿದೆ ಎಂದುಕೊಳ್ಳಿ. ಅದು ಕಣ್ಣಿಗೆ ಕಾಣುವ ಓರೆಯಲ್ಲ. ಆದರೆ ಪ್ರತಿ ಕಿಲೋಮೀಟರಿಗೆ ಆ ಟೈರು ಸುಮಾರು 5.8 ಮೀಟರಿನಷ್ಟು ಅಡ್ಡಡ್ಡ ಎಳೆದಾಡಿದಂತಾಗುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬಂದರೆ ಒಂದು ಕಿಲೋಮೀಟರಿಗಿಂತ ಹೆಚ್ಚು ಅಡ್ಡ ಉಜ್ಜಾಟ! ನೆಗೆಟಿವ್ ಕ್ಯಾಂಬರ್ ಇರುವ ಚಕ್ರದಲ್ಲಿ ಭಾರ ಒಳ ಭುಜದ ಮೇಲೆ ಹೆಚ್ಚು ಬೀಳುವುದರಿಂದ ಈ ಉಜ್ಜಾಟವೆಲ್ಲ ಆ ಭುಜಕ್ಕೇ ಸೇರುತ್ತದೆ. ಟೋ ಒಳಗೆ ಹೆಚ್ಚಾದರೂ ಹೊರಗೆ ಹೆಚ್ಚಾದರೂ ಈ ಕಾರುಗಳಲ್ಲಿ ಮೊದಲು ಹೋಗುವುದು ಒಳ ಅಂಚೇ. "ಟೋ ಇನ್ ಆದರೆ ಹೊರ ಅಂಚು, ಟೋ ಔಟ್ ಆದರೆ ಒಳ ಅಂಚು" ಎಂಬ ಪಾಠ ಚಕ್ರ ನೆಟ್ಟಗೆ ನಿಂತ ಕಾರಿಗೆ ಸರಿ. ಇಲ್ಲಿ ಅದನ್ನೇ ನಂಬಿದರೆ ದಿಕ್ಕು ತಪ್ಪುತ್ತೀರಿ.

ಟೈರನ್ನು ಓದುವುದು

ಟ್ರೆಡ್ ಆಳ ಅಳೆಯುವ ಡೆಪ್ತ್ ಗೇಜ್ ತೆಗೆದುಕೊಳ್ಳಿ. ಪ್ರತಿ ಟೈರಿನಲ್ಲೂ ಒಳಗಿನ ಸೀಳು, ನಡುವಿನದು, ಹೊರಗಿನದು ಹೀಗೆ ಅಳೆಯಿರಿ. ಸುತ್ತಳತೆಯಲ್ಲಿ ಮೂರು ಕಡೆ ಇದನ್ನೇ ಮಾಡಿ, ಎಲ್ಲ ಅಂಕಿಯನ್ನೂ ಬರೆದಿಡಿ. ಕಾರು ತಗ್ಗು, ಟೈರು ಅಗಲ, ಹಾಗಾಗಿ ಒಳ ಭುಜ ಸುಲಭವಾಗಿ ಕಾಣುವುದಿಲ್ಲ. ಚಕ್ರ ಬಿಚ್ಚುವುದೇ ಒಳ್ಳೆಯದು. ಆಗದಿದ್ದರೆ ಹಿಂದಿನ ಬಂಪರಿನ ಕೆಳಗೆ ಫೋನ್ ತೂರಿಸಿ ಫ್ಲ್ಯಾಷ್ ಹಾಕಿ ಫೋಟೊ ತೆಗೆಯಿರಿ.

ಗೇಜ್ ಮುಗಿದ ಮೇಲೆ ಅಂಗೈ. ಟ್ರೆಡ್ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ ನಿಧಾನವಾಗಿ ಎಳೆಯಿರಿ. ತಂತಿ ಹೊರಬಂದಿರುವ ಅನುಮಾನವಿದ್ದರೆ ಗ್ಲೌಸ್ ಹಾಕಿಕೊಳ್ಳಿ, ಅದು ಕೈ ಸೀಳುತ್ತದೆ. ಗರಗಸದ ಹಲ್ಲಿನ ಮೇಲೆ ಬೆರಳಾಡಿಸಿದಂತೆ ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಚೂಪು ಅನ್ನಿಸಿದರೆ ಟೋ ತಪ್ಪಿದೆ. ಒಳಗಿನಿಂದ ಹೊರಕ್ಕೆ ಎಳೆಯುವಾಗ ಚೂಪು ತಗುಲಿದರೆ ಟೋ ಇನ್ ಹೆಚ್ಚಾಗಿದೆ. ಹೊರಗಿನಿಂದ ಒಳಕ್ಕೆ ಎಳೆಯುವಾಗ ತಗುಲಿದರೆ ಟೋ ಔಟ್. ಯಂತ್ರಕ್ಕಿಂತ ಮೊದಲು ಅಂಗೈ ಕೊಡುವ ಈ ಉತ್ತರವನ್ನು ನಾನು ತುಂಬ ನಂಬುತ್ತೇನೆ. ಯಂತ್ರ ಹೇಳುವುದು ಕಾರು ನಿಂತಿದ್ದಾಗಿನ ಅಂಕಿ. ಟೈರು ಹೇಳುವುದು ಓಡುವಾಗ ಏನಾಯಿತು ಎಂಬುದು. ಇವೆರಡೂ ಒಂದನ್ನೊಂದು ಒಪ್ಪದಿದ್ದರೆ ಎಲ್ಲೋ ಬುಷ್ ಅಥವಾ ಜಾಯಿಂಟ್ ಭಾರ ಬಿದ್ದಾಗ ಜರುಗುತ್ತಿದೆ ಎಂದರ್ಥ.

ಚೂಪು ಎಲ್ಲೂ ಇಲ್ಲ, ಆದರೆ ಹೊರಗಿನಿಂದ ಒಳಕ್ಕೆ ಟ್ರೆಡ್ ಒಂದೇ ಸಮನೆ ಇಳಿಜಾರಾಗಿ ತಗ್ಗಿದೆ ಎಂದರೆ ಅದು ಕ್ಯಾಂಬರಿನ ಸವೆತ. ವರ್ಷಗಟ್ಟಲೆ ಓಡಿದ ಟೈರಿನಲ್ಲಿ ಒಳಗೂ ಹೊರಗೂ ಸ್ವಲ್ಪ ವ್ಯತ್ಯಾಸ ಬಂದಿದ್ದರೆ ಅದನ್ನು ದೋಷ ಎಂದು ಕರೆಯಬೇಕಾಗಿಲ್ಲ. ಹೆದ್ದಾರಿಯಲ್ಲಿ ನೇರವಾಗಿ ಮಾತ್ರ ಓಡುವ ಕಾರಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ, ಏಕೆಂದರೆ ನೆಗೆಟಿವ್ ಕ್ಯಾಂಬರ್ ಕೊಟ್ಟಿರುವುದು ತಿರುವಿಗಾಗಿ. ತಿರುವಿನಲ್ಲಿ ಕಾರು ವಾಲಿದಾಗ ಹೊರಬದಿಯ ಟೈರು ಪೂರ್ತಿ ಅಗಲದಲ್ಲಿ ನೆಲಕ್ಕೆ ಕೂರುತ್ತದೆ. ತಿರುವೇ ಕಾಣದ ಕಾರಿನಲ್ಲಿ ಹೊರ ಅಂಚಿಗೆ ಕೆಲಸವೇ ಇಲ್ಲ.

ಇನ್ನುಳಿದ ನಮೂನೆಗಳು ಹೀಗಿವೆ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ಮುಂದಿನ ಟೈರುಗಳ ಹೊರ ಅಂಚು ಮಾತ್ರ ಉರುಟಾಗಿದ್ದರೆ, ಕಾರು ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಜೋರಾಗಿ ಓಡಿದ್ದರೆ, ಅದು ಚಾಲನೆಯ ಗುರುತು. ಮುಂದಿನ ಕ್ಯಾಂಬರನ್ನು ಮಿತಿಯೊಳಗೇ ಸ್ವಲ್ಪ ನೆಗೆಟಿವ್ ಕಡೆಗೆ ತಂದರೆ ಕಡಿಮೆಯಾಗುತ್ತದೆ. ಸುತ್ತಳತೆಯಲ್ಲಿ ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಡ್ಯಾಂಪರ್ ಅಥವಾ ಬ್ಯಾಲೆನ್ಸಿಂಗ್ ಕಡೆ ನೋಡಿ. ಗುಳಿ ಬಿದ್ದ ಟೈರು ಓಡುವಾಗ ಗುಂಯ್ ಎನ್ನುತ್ತದೆ, ಅದನ್ನು ಬೇರಿಂಗ್ ಸದ್ದೆಂದು ತಿಳಿದು ಬೇರಿಂಗ್ ಬದಲಿಸಿದವರೂ ಇದ್ದಾರೆ. ಒಂದೇ ಜಾಗದಲ್ಲಿ ಚಪ್ಪಟೆಯಾಗಿದ್ದರೆ ಚಕ್ರ ಲಾಕ್ ಆಗಿ ಜಾರಿದೆ, ಇಲ್ಲವೇ ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತಿದೆ.

ಎರಡೂ ಕಡೆಯೋ, ಒಂದೇ ಕಡೆಯೋ

ಇಡೀ ಪತ್ತೆಯಲ್ಲಿ ಅತ್ಯಂತ ಉಪಯುಕ್ತವಾದ ಪ್ರಶ್ನೆ ಇದು. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಹಿಂದಿನ ಎಡಚಕ್ರದ ಟೋ ಮಾತ್ರ ತಪ್ಪಿದೆ, ಬಲಚಕ್ರ ಸರಿಯಾಗಿದೆ ಎಂದಿಟ್ಟುಕೊಳ್ಳಿ. ಎಡ ಟೈರು ಮಾತ್ರ ಸವೆಯಬೇಕು ಎಂದು ಅನ್ನಿಸುತ್ತದೆ. ಹಾಗಾಗುವುದಿಲ್ಲ. ಎರಡು ಚಕ್ರಗಳೂ ಕಾರನ್ನು ತಂತಮ್ಮ ದಿಕ್ಕಿಗೆ ಎಳೆಯುತ್ತವೆ; ಕಾರು ಎರಡರ ನಡುವಿನ ದಿಕ್ಕಿನಲ್ಲಿ, ಸ್ವಲ್ಪ ಓರೆಯಾಗಿ ಓಡಲು ತೊಡಗುತ್ತದೆ. ಆ ದಿಕ್ಕಿಗೆ ಹೋಲಿಸಿದರೆ ಎರಡೂ ಚಕ್ರಗಳ ಓರೆ ಹೆಚ್ಚುಕಡಿಮೆ ಸಮ. ಹೀಗಾಗಿ ಟೋದ ಸವೆತ ಎರಡೂ ಟೈರುಗಳಿಗೆ ಹಂಚಿಹೋಗುತ್ತದೆ. ಕ್ಯಾಂಬರ್ ಹಾಗಲ್ಲ. ಎಡಚಕ್ರ ಹೆಚ್ಚು ವಾಲಿದ್ದರೆ ಅದರ ಫಲ ಎಡ ಟೈರಿಗೇ.

ಅಂದರೆ ಹಿಂದಿನ ಎರಡೂ ಟೈರು ಒಳಗೆ ಸಮನಾಗಿ ಸವೆದಿದ್ದರೆ ಮೊದಲ ಅನುಮಾನ ಒಟ್ಟು ಟೋ ಮೇಲೆ. ಒಂದೇ ಟೈರು ಸವೆದು ಇನ್ನೊಂದು ಚೆನ್ನಾಗಿದ್ದರೆ ಅನುಮಾನ ಆ ಮೂಲೆಯ ಕ್ಯಾಂಬರ್ ಮೇಲೆ: ಬಾಗಿದ ಆರ್ಮ್ (ಚಕ್ರವನ್ನು ಕಾರಿಗೆ ಹಿಡಿದಿಡುವ ತೋಳು), ಬಾಗಿದ ಸ್ಟ್ರಟ್, ಕೂತುಹೋದ ಸ್ಪ್ರಿಂಗ್, ಸಡಿಲ ಬೇರಿಂಗ್, ಅಥವಾ ಆ ಟೈರಿನಲ್ಲಷ್ಟೇ ಇಳಿಯುತ್ತಿದ್ದ ಗಾಳಿ. ಗುಂಡಿಗೆ ಬಲವಾಗಿ ಹೊಡೆದ ನೆನಪಿದ್ದರೆ ಆ ಚಕ್ರದಿಂದಲೇ ಶುರು ಮಾಡಿ. ರಿಮ್‌ನ ಒಳ ಅಂಚು ಮಡಚಿದೆಯೇ ಎಂದೂ ನೋಡಿ, ಹೊರಗಿನಿಂದ ಅದು ಕಾಣುವುದಿಲ್ಲ.

ಮೇಲೆ ಹೇಳಿದ "ಕಾಣದಂತಾಗುವ" ದೋಷದ ಅಂಕಿಗಳಿಗೆ ಬರೋಣ. ಹಿಂದಿನ ಎಡ ಟೋ +20 ನಿಮಿಷ, ಅಂದರೆ ಒಳಕ್ಕೆ. ಹಿಂದಿನ ಬಲ ಟೋ −4 ನಿಮಿಷ, ಅಂದರೆ ಹೊರಕ್ಕೆ. ಒಟ್ಟು ಟೋ +16. ಆ ಒಂದು ಸಾಲನ್ನು ಮಾತ್ರ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಆದರೆ ಎರಡೂ ಚಕ್ರಗಳ ಮೂತಿ ಬಲಕ್ಕೆ ತಿರುಗಿದೆ. ಥ್ರಸ್ಟ್ ಆಂಗಲ್, ಅಂದರೆ ಹಿಂದಿನ ಆಕ್ಸಲ್ ಕಾರನ್ನು ತಳ್ಳುವ ದಿಕ್ಕು, 12 ನಿಮಿಷ ಬಲಕ್ಕಿದೆ. ಕಾರಿನ ಹಿಂಭಾಗ ಬಲಕ್ಕೆ ಸರಿಯಲು ನೋಡುತ್ತದೆ, ನೇರ ಹೋಗಲು ಚಾಲಕ ಸ್ಟೀರಿಂಗನ್ನು ಸ್ವಲ್ಪ ಬಲಕ್ಕೆ ಹಿಡಿದಿರಬೇಕಾಗುತ್ತದೆ. "ಸ್ಟೀರಿಂಗ್ ಸೊಟ್ಟ ಇದೆ" ಎಂದು ಅಂಗಡಿಗೆ ಹೋದರೆ ಮುಂದಿನ ಟೈ ರಾಡ್‌ಗಳನ್ನು ತಿರುಗಿಸಿ ಸ್ಟೀರಿಂಗ್ ನೇರ ಮಾಡಿ ಕೊಡುತ್ತಾರೆ. ಸ್ಟೀರಿಂಗ್ ನೇರವಾಯಿತು, ಕಾರು ಮಾತ್ರ ಓರೆಯಾಗಿಯೇ ಓಡುತ್ತಿದೆ. ಎಡಕ್ಕೆ ತಿರುಗುವಾಗ ಒಂದು ಥರ, ಬಲಕ್ಕೆ ತಿರುಗುವಾಗ ಇನ್ನೊಂದು ಥರ ನಡೆದುಕೊಳ್ಳುತ್ತದೆ. ಗಟ್ಟಿ ಬ್ರೇಕ್ ಹಾಕಿದಾಗ ಹಿಂಭಾಗ ಅಲುಗುತ್ತದೆ. ಇಂಥ ಕಾರನ್ನು ಒದ್ದೆ ರಸ್ತೆಯಲ್ಲಿ ನಂಬಬೇಡಿ.

ಯಂತ್ರಕ್ಕೆ ಏರಿಸುವ ಮೊದಲು

ಬೆಳಿಗ್ಗೆ, ಕಾರು ಹೊರಡುವ ಮುಂಚೆ, ತಣ್ಣಗಿರುವ ಟೈರಿನಲ್ಲಿ ಗಾಳಿ ನೋಡಿ. ಬಿಸಿಯಾದ ಟೈರಿನ ಅಂಕಿ ಉಪಯೋಗಕ್ಕಿಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಸುಮಾರು 1.5 ಪಿಎಸ್ಐ ಏರುತ್ತದೆ. ಕಾರಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಮುಂದಕ್ಕೂ ಹಿಂದಕ್ಕೂ ಎಷ್ಟೆಷ್ಟೆಂದು ಬರೆದಿದೆ, ಅಷ್ಟೇ ಹಾಕಿಸಿ. ಪಂಕ್ಚರ್ ಅಂಗಡಿಯಲ್ಲಿ ಎಲ್ಲ ಕಾರಿಗೂ ಹಾಕುವ ಅಂಕಿಯನ್ನು ನಾಲ್ಕಕ್ಕೂ ಹಾಕಿಸಬೇಡಿ.

ಆಮೇಲೆ ಸಡಿಲ ಹುಡುಕಿ. ಚಕ್ರವನ್ನು ನೆಲದಿಂದ ಎತ್ತಿ, ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಟೈರಿನ ಮೇಲೆ ಕೆಳಗೆ ಹಿಡಿದು ಅಲುಗಿಸಿ: ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದು ಅಲುಗಿಸಿ: ಆಟ ಇದ್ದರೆ ಮುಂದೆ ಟೈ ರಾಡ್ ಎಂಡ್, ಹಿಂದೆ ಟೋ ಹಿಡಿದಿಡುವ ಸರಳಾದ ಟೋ ಲಿಂಕ್. ಅಲುಗಿಸುವಾಗ ಇನ್ನೊಬ್ಬರು ಜಾಯಿಂಟ್ ಮೇಲೆ ಬೆರಳಿಟ್ಟಿರಲಿ. ಕಣ್ಣಿಗೆ ಕಾಣದ ಆಟ ಬೆರಳಿಗೆ ಗೊತ್ತಾಗುತ್ತದೆ.

ಬುಷ್‌ಗಳಿಗೆ ಕೈಬಲ ಸಾಲದು, ಮೀಟಲು ಉದ್ದದ ಪ್ರೈ ಬಾರ್ ಬೇಕು. ಆಕಾರ ನೋಡಿ "ಕಾಫಿನ್ ಆರ್ಮ್" ಎಂದು ಕರೆಯುವ ಕೆಳ ಆರ್ಮ್‌ಗಳು ಹಳೆಯ 986, 987ಗಳಲ್ಲಿ ಮೊದಲು ನೋಡಬೇಕಾದ ಜಾಗ. ರಬ್ಬರ್ ಸೀಳಿದೆಯೇ, ಲೋಹದಿಂದ ಬಿಟ್ಟುಕೊಂಡಿದೆಯೇ, ಬಾಲ್ ಜಾಯಿಂಟಿನ ಬೂಟ್ ಹರಿದಿದೆಯೇ ಎಂದು ನೋಡಿ. ಕಡಿಮೆ ಓಡಿದ ಕಾರು ಎಂದು ಇದನ್ನು ಬಿಡಬೇಡಿ. ರಬ್ಬರಿಗೆ ಕಿಲೋಮೀಟರಿನ ಲೆಕ್ಕವೂ ಇದೆ, ವಯಸ್ಸಿನ ಲೆಕ್ಕವೂ ಇದೆ. ನಮ್ಮ ಹಂಪ್‌ಗಳು ಎರಡನ್ನೂ ಬೇಗ ಮುಗಿಸುತ್ತವೆ.

ಹಿಂದಿನ ಬುಷ್ ಏಕೆ ಇಷ್ಟು ಮುಖ್ಯ? ಬ್ರೇಕ್ ಹಾಕಿದಾಗ ಚಕ್ರವನ್ನು ಹಿಂದಕ್ಕೆ ಎಳೆಯುವ ಬಲ ಬುಷ್‌ಗಳನ್ನು ಅಮುಕುತ್ತದೆ. ಬುಷ್ ಗಟ್ಟಿಯಿದ್ದರೆ ಟೋ ಅಲ್ಪಸ್ವಲ್ಪ ಬದಲಾಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಸಡಿಲವಾಗಿದ್ದರೆ ನಿಂತಾಗ ಟೋ ಇನ್ ತೋರಿಸುವ ಚಕ್ರವೇ ಬ್ರೇಕಿನಲ್ಲಿ ಟೋ ಔಟ್ ಆಗುತ್ತದೆ. ಸಡಿಲ ಇರುವ ಕಾರಿಗೆ ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ಕಳೆಯುವ ಕೆಲಸ. ಮೊದಲು ಭಾಗ ಬದಲಿಸಿ, ಆಮೇಲೆ ಯಂತ್ರಕ್ಕೆ ಏರಿಸಿ.

ಎತ್ತರವನ್ನೂ ಅಳೆಯಿರಿ. ಹಬ್‌ನ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ. ಒಂದು ಮೂಲೆ ತಗ್ಗಿದ್ದರೆ ಅಲ್ಲಿ ಕ್ಯಾಂಬರ್ ಬದಲಾಗಿಯೇ ಇರುತ್ತದೆ. ಸ್ಪ್ರಿಂಗ್ ಬದಲಿಸಿ ತಗ್ಗಿಸಿದ ಕಾರಿನಲ್ಲಿ ಕ್ಯಾಂಬರೂ ಟೋವೂ ಎರಡೂ ಸರಿದಿರುತ್ತವೆ. ತಗ್ಗಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದೇ ಓಡಿಸಿದ್ದರೆ ಸವೆತಕ್ಕೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ.

ಯಂತ್ರದ ಮೇಲೆ

ಮೊದಲ ಪ್ರಿಂಟೌಟ್ ಕೇಳಿ ಪಡೆಯಿರಿ. ಹೊಂದಿಸುವ ಮೊದಲು ಹೇಗಿತ್ತು ಎಂಬ ಅಂಕಿಗಳು ಹೊಂದಿಸಿದ ಮೇಲಿನ ಅಂಕಿಗಳಿಗಿಂತ ಬೆಲೆಬಾಳುವವು. ನೀವು ಟೈರಿನಲ್ಲಿ ಓದಿದ್ದನ್ನು ಅದರ ಜೊತೆ ಇಟ್ಟು ನೋಡಿ. ಅಂಗೈ ಟೋ ಔಟ್ ಎಂದಿತ್ತು, ಯಂತ್ರವೂ ಅದನ್ನೇ ಹೇಳುತ್ತಿದೆ ಎಂದರೆ ದೋಷ ಸಿಕ್ಕಿತು.

ಯಂತ್ರದಲ್ಲಿ ಸರಿಯಾದ ಮಾದರಿ ಆರಿಸಿದ್ದಾರೆಯೇ? 718ರಲ್ಲೇ ಸಾಮಾನ್ಯ ಸಸ್ಪೆನ್ಷನ್ ಬೇರೆ, ಡ್ಯಾಂಪರಿನ ಬಿಗಿತ ತಾನೇ ಬದಲಾಗುವ, 10 ಮಿ.ಮೀ. ತಗ್ಗಿರುವ ಪಿಎಎಸ್‌ಎಂ ಬೇರೆ, 20 ಮಿ.ಮೀ. ತಗ್ಗಿರುವ ಸ್ಪೋರ್ಟ್ ಪಿಎಎಸ್‌ಎಂ ಬೇರೆ. ತಪ್ಪು ಮಾದರಿಯ ಅಂಕಿ ಇಟ್ಟುಕೊಂಡರೆ ಎಲ್ಲ ಸಾಲೂ ಹಸಿರಾಗುತ್ತದೆ (ಅಂದರೆ ಮಿತಿಯೊಳಗಿದೆ ಎನ್ನುತ್ತದೆ), ಆದರೆ ಅದು ನಿಮ್ಮ ಕಾರಿನ ಹಸಿರಲ್ಲ. ಯಂತ್ರದ ಕ್ಲ್ಯಾಂಪ್‌ಗಳನ್ನು ಚಕ್ರಗಳಿಗೆ ಹಾಕಿದ ಮೇಲೆ ಕಾರನ್ನು ಹಿಂದೆ ಮುಂದೆ ಉರುಳಿಸಿ ರಿಮ್‌ನ ಸೊಟ್ಟವನ್ನು ಕಳೆಯಬೇಕು. ಈ ಹೆಜ್ಜೆ ಬಿಟ್ಟರೆ ಉಳಿದ ಯಾವ ಅಂಕಿಯನ್ನೂ ನಂಬಲಾಗದು. ತಯಾರಕರ ಅಂಕಿಗಳು ಸಾಮಾನ್ಯವಾಗಿ ಖಾಲಿ ಕಾರಿಗೆ, ತುಂಬಿದ ಟ್ಯಾಂಕಿಗೆ ಕೊಟ್ಟವು. ಟ್ಯಾಂಕ್ ತುಂಬಿಸಿಕೊಂಡು ಹೋಗಿ, ಡಿಕ್ಕಿಯ ಸಾಮಾನು ಇಳಿಸಿ.

ಹೊಂದಿಸುವ ಕ್ರಮ: ಮೊದಲು ಹಿಂದಿನ ಕ್ಯಾಂಬರ್, ಆಮೇಲೆ ಹಿಂದಿನ ಟೋ, ನಂತರ ಮುಂದಿನ ಕ್ಯಾಂಬರ್, ಕೊನೆಗೆ ಸ್ಟೀರಿಂಗ್ ನೇರಕ್ಕೆ ಲಾಕ್ ಮಾಡಿ ಮುಂದಿನ ಟೋ. ಕ್ಯಾಂಬರ್ ಬದಲಿಸಿದರೆ ಟೋ ಸರಿಯುತ್ತದೆ, ಅದಕ್ಕೇ ಟೋ ಆಮೇಲೆ. ಮುಂದಿನ ಚಕ್ರಗಳನ್ನು ಹಿಂದಿನವು ತಳ್ಳುವ ದಿಕ್ಕಿಗೆ ಹೊಂದಿಸಬೇಕು, ಅದಕ್ಕೇ ಹಿಂದಿನದು ಮೊದಲು. "ಹಿಂದೆ ಸರಿಯಾಗಿದೆ, ಮುಂದೆ ಮಾತ್ರ ಮಾಡ್ತೀನಿ" ಎಂದು ಶುರು ಮಾಡುವವರಿಗೆ ಹಿಂದಿನ ಎಡ, ಹಿಂದಿನ ಬಲ, ಥ್ರಸ್ಟ್ ಆಂಗಲ್ ಈ ಮೂರೂ ಸಾಲು ತೋರಿಸಿ ಎನ್ನಿ.

ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಮುಂದಿನ ಚಕ್ರ ತಿರುಗುವ ಅಕ್ಷದ ವಾಲಿಕೆ, ಟೈರನ್ನು ನೇರವಾಗಿ ಸವೆಸುವುದಿಲ್ಲ. ಆದರೆ ಎಡಕ್ಕೂ ಬಲಕ್ಕೂ ದೊಡ್ಡ ವ್ಯತ್ಯಾಸ ಬಂದಿದ್ದರೆ ಯಾವುದೋ ಭಾಗ ಬಾಗಿದೆ, ಅದನ್ನು ಹುಡುಕಬೇಕು.

ಹಿಂದಿನ ಎಕ್ಸೆಂಟ್ರಿಕ್ ಬೋಲ್ಟ್‌ಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ವರ್ಷಗಳಿಂದ ಯಾರೂ ತಿರುಗಿಸದಿದ್ದರೆ ಅವು ಬುಷ್‌ನ ಒಳಗಿನ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇದ್ದ ಕಾರಾದರೆ ಇದನ್ನು ಮೊದಲೇ ನಿರೀಕ್ಷಿಸಿ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ಬೋಲ್ಟ್ ತಲೆಯನ್ನು ಜೋರಾಗಿ ತಿರುಗಿಸಿದರೆ ಬುಷ್‌ನ ರಬ್ಬರೇ ತಿರುಚಿಕೊಳ್ಳುತ್ತದೆ. ಅಂಕಿ ಬದಲಾದಂತೆ ಕಂಡು, ಕಾರು ಹತ್ತು ಕಿಲೋಮೀಟರ್ ಓಡಿದ ಮೇಲೆ ಹಳೆಯ ಜಾಗಕ್ಕೇ ಮರಳುತ್ತದೆ. ಬರದ ಬೋಲ್ಟನ್ನು ಕತ್ತರಿಸಿ ಹೊಸ ಬೋಲ್ಟು, ನಟ್ಟು, ಎಕ್ಸೆಂಟ್ರಿಕ್ ವಾಷರ್ ಹಾಕುವುದೇ ಸರಿಯಾದ ದಾರಿ. ಬಿಸಿ ಮಾಡಿ ಬಿಡಿಸುತ್ತೇನೆಂದರೆ ಪಕ್ಕದ ಬುಷ್ ಸುಡುತ್ತದೆ. ಹೊಸ ಆರ್ಮ್ ಹಾಕಿದಾಗ ಕೊನೆಯ ಬಿಗಿತ ಚಕ್ರ ನೆಲದ ಮೇಲೆ ಕೂತ ಎತ್ತರದಲ್ಲೇ ಆಗಬೇಕು. ಚಕ್ರ ನೇತಾಡುವಾಗ ಬಿಗಿದರೆ ಕಾರು ಇಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಸೀಳುತ್ತದೆ.

ಯಾವ ಅಂಕಿ ಕೇಳಬೇಕು

ನಿಮ್ಮ ಮಾದರಿಗೆ ತಯಾರಕರು ಕೊಟ್ಟ ಅಂಕಿಗಳ ಪಟ್ಟಿಯೇ ಆಧಾರ. ರಸ್ತೆಗೆಂದೇ ಇರುವ ಬಾಕ್ಸ್‌ಸ್ಟರ್, ಕೇಮನ್‌ಗಳಲ್ಲಿ ಹಿಂದಿನ ಕ್ಯಾಂಬರ್ ಮೈನಸ್ 1.5 ಡಿಗ್ರಿಯ ಆಸುಪಾಸು ಇರುವುದು ಸಹಜ. ನಾನು ಒತ್ತಾಯಿಸುವುದು ಎರಡಕ್ಕೆ. ಎಡಬಲದ ಕ್ಯಾಂಬರ್ ವ್ಯತ್ಯಾಸ 15 ನಿಮಿಷ ದಾಟಬಾರದು. ಹಿಂದಿನ ಟೋ ಎರಡೂ ಕಡೆ ಸಮ ಇರಬೇಕು, ಟೋ ಇನ್ ಪಟ್ಟಿಯ ಮಿತಿಯೊಳಗೆ ಕಡಿಮೆ ತುದಿಯಲ್ಲಿರಬೇಕು. ಮಿತಿಯೊಳಗೆ ಎಲ್ಲಿದ್ದರೂ ಯಂತ್ರ ಹಸಿರು ತೋರಿಸುತ್ತದೆ. ಹೆಚ್ಚು ತುದಿಯಲ್ಲಿ ನಿಲ್ಲಿಸಿದ ಟೋ ಸದ್ದಿಲ್ಲದೆ ರಬ್ಬರ್ ತಿನ್ನುತ್ತದೆ.

ಟೈರು ಉಳಿಸಲು ಹಿಂದಿನ ಟೋವನ್ನು ಸೊನ್ನೆಗೆ ತರುವ ಯೋಚನೆ ಮಾತ್ರ ಬೇಡ. ಆ ಅಲ್ಪ ಟೋ ಇನ್ ಇರುವುದು ಬ್ರೇಕ್ ಹಾಕಿದಾಗ, ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟಾಗ ಹಿಂದಿನ ಚಕ್ರಗಳು ಹೊರಮುಖವಾಗದಂತೆ ಕಾಯಲು. ತೂಕದ ಹೆಚ್ಚು ಪಾಲು ಹಿಂದಿರುವ ಕಾರಿನಲ್ಲಿ ಹಿಂದಿನ ಟೋ ಔಟ್ ಎಂದರೆ ಕಾರು ತಿರುಗಿ ನಿಲ್ಲುವ ಅಪಾಯ. ಟೈರಿನ ಬೆಲೆ ಅದರ ಮುಂದೆ ಲೆಕ್ಕಕ್ಕಿಲ್ಲ.

ಮನೆಯಲ್ಲಿ ದಾರ ಕಟ್ಟಿ ನೋಡುವುದು

ಯಂತ್ರದ ಅಂಕಿಯ ಮೇಲೆ ಅನುಮಾನ ಬಂದರೆ ಇದು ಒಳ್ಳೆಯ ಪರೀಕ್ಷೆ. ಸಮತಟ್ಟಾದ ನೆಲದಲ್ಲಿ ಸ್ಟೀರಿಂಗ್ ನೇರ ಇಟ್ಟು, ಕಾರನ್ನು ಒಂದೆರಡು ಮೀಟರ್ ಮುಂದಕ್ಕೆ ಉರುಳಿಸಿ ನಿಲ್ಲಿಸಿ. ಎರಡೂ ಬದಿಯಲ್ಲಿ ಹಬ್‌ನ ಎತ್ತರಕ್ಕೆ ದಾರ ಬಿಗಿಯಾಗಿ ಕಟ್ಟಿ. ಕಾರಿನ ಹಿಂದಿನ ಅಗಲ ಮುಂದಿನದಕ್ಕಿಂತ ಬೇರೆ, ಹಾಗಾಗಿ ದಾರ ನಾಲ್ಕೂ ಹಬ್‌ಗಳಿಂದ ಒಂದೇ ದೂರದಲ್ಲಿ ಇರುವುದಿಲ್ಲ. ಮುಂದಿನ ಎರಡು ಹಬ್‌ಗಳಿಂದ ಎಡಬಲ ಸಮ, ಹಿಂದಿನ ಎರಡರಿಂದ ಎಡಬಲ ಸಮ, ಎರಡು ದಾರಗಳೂ ಒಂದಕ್ಕೊಂದು ಸಮಾನಾಂತರ, ಇಷ್ಟಾಗಬೇಕು. ಈಗ ರಿಮ್‌ನ ಮುಂದಂಚಿನಿಂದಲೂ ಹಿಂದಂಚಿನಿಂದಲೂ ದಾರಕ್ಕಿರುವ ದೂರ ಅಳೆಯಿರಿ. ಮುಂದಂಚಿನ ದೂರ ಹೆಚ್ಚಿದ್ದರೆ ಟೋ ಇನ್. 18 ಇಂಚಿನ ರಿಮ್‌ನಲ್ಲಿ 1 ಮಿ.ಮೀ. ವ್ಯತ್ಯಾಸ ಸುಮಾರು 7 ನಿಮಿಷಕ್ಕೆ ಸಮ. ಉಕ್ಕಿನ ಸ್ಕೇಲಿನಲ್ಲಿ ಅರ್ಧ ಮಿ.ಮೀ. ಓದಬಹುದು, ದೊಡ್ಡ ತಪ್ಪು ಹಿಡಿಯಲು ಅಷ್ಟು ಸಾಕು.

ಸರಿಮಾಡಿದ ಮೇಲೆ

ಹಿಂದಿನ ಟೈರು ಮುಂದಿನದಕ್ಕಿಂತ ಅಗಲ (718ರಲ್ಲಿ ಸಾಮಾನ್ಯವಾಗಿ ಮುಂದೆ 235, ಹಿಂದೆ 265) ಇರುವುದರಿಂದ ಮುಂದಿನದನ್ನು ಹಿಂದಕ್ಕೆ ಹಾಕುವ ರೋಟೇಷನ್ ಇಲ್ಲಿ ಆಗದು. ಬದಲಿಸುವಾಗ ಒಂದು ಆಕ್ಸಲ್‌ನ ಎರಡೂ ಟೈರನ್ನು ಒಟ್ಟಿಗೆ, ಒಂದೇ ತಯಾರಿಕೆಯದ್ದು, ಪಕ್ಕದಲ್ಲಿ ಎನ್0, ಎನ್1 ಎಂಬ ಪೋರ್ಷೆ ಗುರುತು ಇದ್ದರೆ ಅದೂ ಒಂದೇ ಇರುವಂತೆ ಹಾಕಿಸಿ.

ಅರ್ಧ ಸವೆದ ಟೈರನ್ನೇ ಮುಂದುವರಿಸಿದರೆ ಸದ್ದು ಕೂಡಲೇ ನಿಲ್ಲುವುದಿಲ್ಲ, ಚೂಪಾದ ಅಂಚುಗಳು ಮತ್ತೆ ಉರುಟಾಗಲು ಸಮಯ ಬೇಕು. ಹಾಗಾಗಿ ಸದ್ದಿನಿಂದ ತೀರ್ಮಾನಿಸದೆ ಗೇಜಿನಿಂದ ತೀರ್ಮಾನಿಸಿ. ಸಾವಿರ ಕಿಲೋಮೀಟರಿಗೊಮ್ಮೆ ಹಳೆಯ ಜಾಗಗಳಲ್ಲೇ ಅಳೆದು ಬರೆದಿಟ್ಟುಕೊಳ್ಳಿ. ಒಳಗಿನ ಸೀಳಿನ ಆಳ ಹೊರಗಿನದಕ್ಕಿಂತ ಸ್ವಲ್ಪ ಬೇಗ ಇಳಿದರೆ ಅದು ಕ್ಯಾಂಬರ್, ಬಿಟ್ಟುಬಿಡಿ. ಎರಡುಪಟ್ಟು ವೇಗದಲ್ಲಿ ಇಳಿಯುತ್ತಿದ್ದರೆ ಅಥವಾ ಅಂಗೈಗೆ ಮತ್ತೆ ಚೂಪು ತಗುಲಿದರೆ ಹೊಂದಿಸಿದ ಟೋ ನಿಂತಿಲ್ಲ. ಬೋಲ್ಟ್ ಜಾರಿದೆ ಅಥವಾ ಸಡಿಲ ಬುಷ್ ಹಾಗೇ ಉಳಿದುಕೊಂಡಿದೆ.

ಎಲ್ಲ ಅಂಕಿ ಸರಿಯಿದ್ದೂ ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿ ಓಡಿಸಿ ನೋಡಿ. ಒಳ ಹೊರ ಎಂದು ಬರೆದಿರುವ ಟೈರಿಗೆ ಇದು ಸಲ್ಲುತ್ತದೆ. ತಿರುಗುವ ದಿಕ್ಕಿನ ಬಾಣ ಇರುವ ಟೈರಿಗೆ ಸಲ್ಲದು. ಎಳೆತ ಇನ್ನೊಂದು ಕಡೆಗೆ ಹೋದರೆ ದೋಷ ಟೈರಿನದು. ಅದೇ ಕಡೆ ಉಳಿದರೆ ರಸ್ತೆಯ ಎಡ ಇಳಿಜಾರನ್ನು ಲೆಕ್ಕಕ್ಕೆ ತೆಗೆದುಕೊಂಡು ಸಮತಟ್ಟಾದ ಜಾಗದಲ್ಲಿ ಮತ್ತೊಮ್ಮೆ ಓಡಿಸಿ. ಆಗಲೂ ಎಳೆದರೆ ಬಿಗಿಹಿಡಿದ ಬ್ರೇಕ್ ಕ್ಯಾಲಿಪರ್ ಇದೆಯೇ ಎಂದು, ಓಡಿಸಿ ಬಂದ ಕೂಡಲೇ, ಎರಡೂ ರಿಮ್‌ಗಳ ಹತ್ತಿರ ಕೈ ಹಿಡಿದು ಬಿಸಿ ಹೋಲಿಸಿ ನೋಡಿ.